ಐದು ಯಜ್ಞ, ಎರಡು ಕೋಣೆಯ ಬಾಡಿಗೆ ಮನೆ: ದಿನಾ ಮಾಡೋದು ಹೇಗೆ?

ಶಿರಾಗೇಟ್ ಬಾಡಿಗೆಮನೆ:

ದೇವ, ಪಿತೃ, ಭೂತ, ಮನುಷ್ಯ, ಬ್ರಹ್ಮ ಅಂತ ಐದು ಯಜ್ಞ, ಗೃಹಸ್ಥ ಇವನ್ನು ದಿನಾ ಮಾಡಲೇಬೇಕು. ಇಷ್ಟು ಎಲ್ಲ ಪ್ರವಚನದಲ್ಲೂ ಬರುತ್ತೆ. ಅಲ್ಲಿಗೆ ಪ್ರವಚನ ಮುಗಿದು ಪ್ರಸಾದ ಶುರುವಾಗುತ್ತೆ. ಮಾರನೇ ದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಯಾರೂ ಹೇಳಲ್ಲ.

ತುಮಕೂರಿನ ಒಂದು ಸಾಮಾನ್ಯ ಮನೆ ಲೆಕ್ಕಕ್ಕೆ ತಗೊಳ್ಳಿ. ಎರಡು ಕೋಣೆ, ಮೊದಲನೇ ಮಹಡಿ, ಅಂಗಳ ಇಲ್ಲ, ಹಸು ಇಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರೋರು. ಸ್ನಾನ, ತಿಂಡಿ, ಡಬ್ಬಿ ಎಲ್ಲ ಸೇರಿ ಬೆಳಿಗ್ಗೆ ಸಿಗೋದು ಒಂದು ಗಂಟೆ. ಇದರೊಳಗೆ ಐದೂ ಹಿಡಿಸುತ್ತಾ? ಕನಿಷ್ಠ ಎಷ್ಟು ಮಾಡಿದರೆ ಮಾಡಿದ ಹಾಗೆ? ನಿನ್ನೆ ಉಳಿದ ಅನ್ನ ಹಸುವಿಗೆ ಹಾಕಿದರೆ ಭೂತಯಜ್ಞ ಆಯ್ತಾ? ಬಲ್ಲವರು ಅಳತೆ ಸಮೇತ ಹೇಳಿ. ‘ಭಾವ ಮುಖ್ಯ’ ಅನ್ನೋ ಉತ್ತರ ಮಾತ್ರ ಬೇಡ.

ಚಿಂತಾಮಣಿ ಮೇಷ್ಟ್ರು:

ಕನಿಷ್ಠ ಎಷ್ಟು ಅನ್ನೋದನ್ನು ನಾವು ಊಹಿಸಬೇಕಾಗಿಲ್ಲ, ಶ್ರುತಿಯೇ ಹೇಳಿಬಿಟ್ಟಿದೆ. ತೈತ್ತಿರೀಯ ಆರಣ್ಯಕದ ಎರಡನೇ ಪ್ರಪಾಠಕ, ಹತ್ತನೇ ಅನುವಾಕ ತೆಗೆದು ನೋಡಿ. ಬೆಂಕಿಗೆ ಹಾಕುವುದು ದೇವಯಜ್ಞ, ಅದು ‘ಅಪಿ ಸಮಿಧಮ್’, ಬರೀ ಒಂದು ಸಮಿತ್ತಾದರೂ ಸರಿ. ಪಿತೃಗಳಿಗೆ ಕೊಡುವುದು ‘ಅಪ್ಯಪಃ’, ನೀರಾದರೂ ಸಾಕು. ಪ್ರಾಣಿಗಳಿಗೆ ಬಲಿ ಇಡುವುದು ಭೂತಯಜ್ಞ, ಅನ್ನ ಕೊಡುವುದು ಮನುಷ್ಯಯಜ್ಞ. ಸ್ವಾಧ್ಯಾಯ, ಅಂದರೆ ತಾನೇ ವೇದ ಓದಿಕೊಳ್ಳೋದು, ‘ಏಕಾಮಪ್ಯೃಚಮ್’, ಒಂದೇ ಒಂದು ಋಕ್ಕಾದರೂ ಅದು ಬ್ರಹ್ಮಯಜ್ಞವೇ.

ಒಂದು ಕಡ್ಡಿ, ಒಂದು ಬೊಗಸೆ ನೀರು, ಒಂದು ತುತ್ತು, ಒಂದು ಮಂತ್ರ. ಇದಕ್ಕಿಂತ ಕೆಳಗೆ ಇಳಿಸೋಕೆ ಯಾರಿಂದಲೂ ಆಗಲ್ಲ. ಅದೇ ಅನುವಾಕದ ಶುರುವಿನಲ್ಲಿ ‘ಸತತಿ ಪ್ರತಾಯಂತೇ ಸತತಿ ಸಂತಿಷ್ಠಂತೇ’ ಅಂತಿದೆ. ಇವು ದಿನಾ ಶುರುವಾಗಿ ದಿನಾ ಮುಗಿಯುವ ಯಜ್ಞಗಳು. ಇವಕ್ಕೆ ‘ಮಹಾಯಜ್ಞ’ ಅಂತ ಹೆಸರಿಟ್ಟಿದ್ದು ಖರ್ಚು ನೋಡಿ ಅಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಭಾನುವಾರ ಒಟ್ಟಿಗೆ ಏಳು ದಿನದ್ದು ಮಾಡ್ತೀನಿ ಅಂದರೆ ಲೆಕ್ಕಕ್ಕಿಲ್ಲ.

ಆಗ ಸಮಯ ಒಂದು ಅಡ್ಡಿಯೇ ಅಲ್ಲ. ಐದೂ ಸೇರಿ ಇಪ್ಪತ್ತು ನಿಮಿಷ ದಾಟಲ್ಲ.

ಗೌರಿಬಿದನೂರು ಅಡುಗೆಮನೆ:

ಮೇಷ್ಟ್ರು ಹೇಳಿದ್ದನ್ನು ಒಲೆ ಮುಂದೆ ನಿಂತು ಹೊಂದಿಸೋಣ.

ಈ ಐದು ಯಾಕೆ ಬಂತು ಅನ್ನೋದಕ್ಕೆ ಸ್ಮೃತಿ ಕೊಡೋ ಕಾರಣ ‘ಪಂಚಸೂನಾ’. ಮನೆಯಲ್ಲಿ ಜೀವಹಿಂಸೆ ನಡೆಯೋ ಐದು ಜಾಗ: ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಬಿಂದಿಗೆ. ಈಗಿನ ಮನೆಯಲ್ಲಿ ಗ್ಯಾಸ್ ಒಲೆ, ಮಿಕ್ಸಿ, ಪೊರಕೆ, ಗ್ರೈಂಡರ್, ಸಂಪು. ಹೆಸರು ಬದಲಾಗಿದೆ, ಇರುವೆ ಸಾಯೋದು ನಿಂತಿಲ್ಲ. ಬದುಕೋಕೆ ಇಷ್ಟು ತಗೊಂಡೆವು, ಅದಕ್ಕೆ ಇಷ್ಟು ವಾಪಸ್ ಅನ್ನೋ ಸಾಲದ ಲೆಕ್ಕ ಇದು. ಪುಣ್ಯ ಕೂಡಿಡೋ ಲೆಕ್ಕ ಅಲ್ಲ.

ಕ್ರಮ ಹೀಗೆ. ಸ್ನಾನ ಆದ ಮೇಲೆ ದೀಪ, ಅದು ಎರಡು ಮೂರು ನಿಮಿಷ. ಸಮಿತ್ತು ಹಾಕುವ ಅಗ್ನಿ ಇಲ್ಲದ ಮನೆಯಲ್ಲಿ ದೀಪವೇ ಆ ಜಾಗದಲ್ಲಿ ನಿಲ್ಲುತ್ತೆ. ಒಂದು ಬತ್ತಿ, ಒಂದು ಚಮಚ ಎಳ್ಳೆಣ್ಣೆ. ಮನೆಗೆ ಬೀಗ ಹಾಕಿ ಹೋಗುವವರು ಬಟ್ಟಲು ತುಂಬ ಎಣ್ಣೆ ಹಾಕಬೇಡಿ. ಗಾಳಿಗೆ ಪರದೆ ಹಾರಿ ಅಂಟಿಕೊಂಡರೆ ದೇವಯಜ್ಞ ಬೇರೆ ಥರ ಆಗುತ್ತೆ. ಇದ್ದಷ್ಟು ಹೊತ್ತು ಉರಿಯಲಿ, ಹೊರಡುವಾಗ ಹೂವಿನಿಂದ ಶಾಂತ ಮಾಡಿ.

ಆಮೇಲೆ ಅಡುಗೆ. ಅನ್ನ ಬಾಗಿಸಿದ ಕೂಡಲೇ, ಬೇರೆ ಯಾರಿಗೂ ಬಡಿಸೋ ಮೊದಲು, ಒಂದು ಚಿಕ್ಕ ತಟ್ಟೆಗೆ ಎತ್ತಿಡಿ. ಅಳತೆ ನೆಲ್ಲಿಕಾಯಿ ಗಾತ್ರ, ಆಹುತಿಗೆ ಹಿಂದಿನಿಂದ ಹೇಳುವ ಅಳತೆ ಅದೇ. ಉಪ್ಪು ಹಾಕೋ ಮುಂಚೆ ತೆಗೀಬೇಕು. ಉಪ್ಪು ಖಾರದ್ದಕ್ಕೆ ಹೋಮ ಇಲ್ಲ ಅಂತ ಆಪಸ್ತಂಬ ಧರ್ಮಸೂತ್ರ ಸ್ಪಷ್ಟವಾಗಿ ಹೇಳುತ್ತೆ, ಕಾಗೆ ಗುಬ್ಬಿಗೂ ಉಪ್ಪು ಒಳ್ಳೇದಲ್ಲ. ಬೆಳಿಗ್ಗೆ ಚಿತ್ರಾನ್ನ ಮಾಡೋ ಮನೆಯಲ್ಲಿ ಎಡವಟ್ಟಾಗೋದು ಇಲ್ಲೇ. ಒಗ್ಗರಣೆಗೆ ಅನ್ನ ಸುರಿದ ಮೇಲೆ ನೆನಪಾಗುತ್ತೆ. ಅದಕ್ಕೇ ತಟ್ಟೆಯನ್ನು ದೇವರ ಮುಂದೆ ಇಡಬೇಡಿ, ಕುಕ್ಕರ್ ಮುಚ್ಚಳದ ಪಕ್ಕ ಇಟ್ಟಿರಿ. ಮುದ್ದೆ ಮಾಡೋ ದಿನ ಉಪ್ಪಿಲ್ಲದ ಮುದ್ದೆಯಿಂದ ಒಂದು ಚಿಟಿಕೆ ಕಿತ್ತಿಟ್ಟರೆ ಆಯ್ತು.

ಇನ್ನು ನಿನ್ನೆಯ ಅನ್ನ. ಕೊಟ್ಟಿದ್ದು ಉಳಿದಿದ್ದಾಗಿರಬಾರದು, ನಾವು ಉಣ್ಣೋದು ಉಳಿದಿದ್ದಾಗಿರಬೇಕು. ಗೀತೆ 3.13ರ ‘ಯಜ್ಞಶಿಷ್ಟಾಶಿನಃ’ ಅನ್ನೋ ಪದದ ಅರ್ಥ ಅಷ್ಟೇ, ಯಜ್ಞದಲ್ಲಿ ಉಳಿದದ್ದನ್ನು ಉಣ್ಣುವವರು. ನಾವು ಸರಿಯಾಗಿ ಉಲ್ಟಾ ಮಾಡ್ಕೊಂಡಿದ್ದೀವಿ.

ಮಾಲೂರು ತಕರಾರು:

ಪಂಚಸೂನಾ ಅಂದರೆ ಮನುಸ್ಮೃತಿಯ ಮೂರನೇ ಅಧ್ಯಾಯ ತಾನೇ ಅಕ್ಕ? ಹೆಸರು ಹೇಳದೆ ‘ಸ್ಮೃತಿ’ ಅಂತ ದಾಟಿಸಿಬಿಟ್ರಿ. ಅದೇ ಅಧ್ಯಾಯದಲ್ಲಿ ನಾಯಿ, ಕಾಗೆ, ಹುಳುಗಳ ಸಾಲಿನಲ್ಲೇ ‘ಪತಿತ’ರನ್ನೂ (ಜಾತಿಯಿಂದ ಹೊರಹಾಕಿದವರು), ಶ್ವಪಚರು ಅಂತ ಹೊರಗಿಟ್ಟ ಜಾತಿಯವರನ್ನೂ, ರೋಗಿಗಳನ್ನೂ ನಿಲ್ಲಿಸಿ, ಅವರಿಗೆಲ್ಲ ಅನ್ನ ನೆಲದ ಮೇಲಿಡು ಅಂತಿದೆ. ಅದನ್ನೂ ಅನ್ವಯಿಸೋಣವಾ? ಇನ್ನೊಂದು ಮಾತು. ಇದೆಲ್ಲ ಜನಿವಾರದವರ ಮನೆಯ ವಿಷಯ. ಮುದ್ದೆ ತಿನ್ನೋ ಒಕ್ಕಲು ಮನೆಗೆ ಇದರಲ್ಲಿ ಏನಿದೆ?

ಚಿಂತಾಮಣಿ ಮೇಷ್ಟ್ರು:

ತಕರಾರು ಸರಿಯಾಗಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 3.92ನೇ ಶ್ಲೋಕ ಮನುಷ್ಯರನ್ನು ಪ್ರಾಣಿಗಳ ಸಾಲಿಗೆ ಸೇರಿಸುತ್ತೆ. ಅದನ್ನು ಒಪ್ಪಬೇಕಾಗಿಲ್ಲ, ಒಪ್ಪಬಾರದು. ಮನುಷ್ಯನಿಗೆ ಕೊಡೋದು ಮನುಷ್ಯಯಜ್ಞದಲ್ಲಿ, ಎಲೆ ಹಾಕಿ, ಪಕ್ಕದಲ್ಲಿ ಕೂರಿಸಿ.

ಐದು ಯಜ್ಞ ಮನುವಿನ ಸ್ವತ್ತಲ್ಲ. ಶತಪಥ ಬ್ರಾಹ್ಮಣದ ಹನ್ನೊಂದನೇ ಕಾಂಡದಲ್ಲೂ ಆರಣ್ಯಕದಲ್ಲೂ ಇದೆ, ಅವೆರಡೂ ಮನುವಿಗಿಂತ ಹಳೆಯವು. ಆರಣ್ಯಕದಲ್ಲಿ ಮನುಷ್ಯಯಜ್ಞ ಅಂದರೆ ಬ್ರಾಹ್ಮಣರಿಗೆ ಅನ್ನ ಅಂತಿದೆ. ತಮಾಷೆ ನೋಡಿ, ಮನುಸ್ಮೃತಿ ಅದನ್ನು ‘ಅತಿಥಿಪೂಜನಂ’ ಅಂತ ಅಗಲ ಮಾಡಿದೆ. ಋಗ್ವೇದದ ಹತ್ತನೇ ಮಂಡಲ ಇನ್ನೂ ಅಗಲ: ‘ಕೇವಲಾಘೋ ಭವತಿ ಕೇವಲಾದೀ’. ಒಬ್ಬನೇ ಉಣ್ಣುವವನು ಬರೀ ಪಾಪ ಉಣ್ಣುತ್ತಾನೆ. ಅಲ್ಲಿ ಜಾತಿ ಪ್ರಸ್ತಾಪವೇ ಇಲ್ಲ.

3.92ರಲ್ಲಿ ಇಟ್ಟುಕೊಳ್ಳಬೇಕಾದ ಪದ ಒಂದೇ ಒಂದಿದೆ, ‘ಶನಕೈಃ’. ಮೆಲ್ಲಗೆ. ಪ್ರಾಣಿಗೆ ಇಡುವ ಅನ್ನವನ್ನೂ ಮೆಲ್ಲಗೆ, ಧೂಳು ಅಂಟದ ಹಾಗೆ ಇಡಬೇಕು. ಮಹಡಿಯಿಂದ ಕವರ್ ಸಮೇತ ಎಸೆಯೋದಕ್ಕೂ ಭೂತಯಜ್ಞಕ್ಕೂ ಇರೋ ವ್ಯತ್ಯಾಸ ಆ ಒಂದು ಪದದಲ್ಲಿದೆ.

ತಿಪಟೂರು ಒಕ್ಕಲು:

ಮಾಲೂರಿನವರ ಎರಡನೇ ಪ್ರಶ್ನೆಗೆ ಉತ್ತರ ಕಣದಲ್ಲಿದೆ, ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ.

ರಾಗಿ ಬಡಿದು ತೂರಿ ರಾಶಿ ಮಾಡಿದ ಮೇಲೆ ಮೊದಲು ರಾಶಿಪೂಜೆ, ಅದು ದೇವರಿಗೆ. ಆಮೇಲೆ ಆಯಗಾರರಿಗೆ, ಅಂದರೆ ಊರಿನ ಕಸುಬಿನವರಿಗೆ, ಅವರವರ ಆಯ (ಧಾನ್ಯದ ಪಾಲು), ಕಣಕ್ಕೆ ಬಂದು ನಿಂತವರಿಗೆ ಮೊರದಲ್ಲಿ. ಕಣದಂಚಿನಲ್ಲಿ ಉದುರಿದ್ದನ್ನು ಪೂರ್ತಿ ಗುಡಿಸುತ್ತಿರಲಿಲ್ಲ, ಅದು ಹಕ್ಕಿ ಇರುವೆಗೆ. ಹಬ್ಬದಲ್ಲಿ ಹಿರಿಯರಿಗೆ ಎಡೆ. ಇದೆಲ್ಲ ಆದ ಮೇಲೆ ಮನೆಗೆ ಕೊಳಗ. ಐದರಲ್ಲಿ ನಾಲ್ಕು ಯಜ್ಞ ಅಲ್ಲೇ ಮುಗಿದಿದೆ, ಸಂಸ್ಕೃತ ಹೆಸರು ಇಲ್ಲ ಅಷ್ಟೇ. ಐದನೆಯದು ರಾತ್ರಿ ಚಾವಡಿಯಲ್ಲಿ ಭಾರತ ಓದಿಸಿ ಕೇಳೋದು. ಆಯದ ಜೊತೆ ಜಾತಿಯ ಕಟ್ಟೂ ಇತ್ತು, ಇಲ್ಲ ಅನ್ನಲ್ಲ. ಆದರೆ ‘ಮೊದಲು ಕೊಡು, ಆಮೇಲೆ ಅಳೆ’ ಅನ್ನೋ ಕ್ರಮ ಒಕ್ಕಲು ಮನೆಗೆ ಹೊಸದಲ್ಲ.

ಪೇಟೆ ಮನೆಗೆ ಇದರ ಸರಿಸಾಟಿ ಹಿಡಿ ಅಕ್ಕಿ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ. ದೊಡ್ಡವರ ಒಂದು ಹಿಡಿ ಸುಮಾರು 40ರಿಂದ 50 ಗ್ರಾಂ ಬರುತ್ತೆ, ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿಕೊಳ್ಳಿ. ತಿಂಗಳಿಗೆ ಒಂದೂಕಾಲರಿಂದ ಒಂದೂವರೆ ಕಿಲೋ. ಒಂದು ಮನೆಯದು ಕಡಿಮೆ ಅನ್ನಿಸುತ್ತೆ, ಒಂದು ಬೀದಿಯ ಇಪ್ಪತ್ತು ಮನೆ ಸೇರಿದರೆ 25ರಿಂದ 30 ಕಿಲೋ.

ಕೆಡೋದು ಎಲ್ಲಿ ಅಂದರೆ, ಡಬ್ಬಿ ತುಂಬಲಿ ಅಂತ ಆರು ತಿಂಗಳು ಕಾಯೋದು. ನುಸಿ ಹಿಡಿದ ಅಕ್ಕಿ ಕೊಟ್ಟರೆ ತಗೊಂಡವರು ಆರಿಸೋಕೆ ಅರ್ಧ ದಿನ ಕೂರಬೇಕು. ಎರಡು ಕಿಲೋ ಹಿಡಿಯೋ ಚಿಕ್ಕ ಡಬ್ಬಿ ಇಡಿ, ಒಣಗಿದ ಬೇವಿನೆಲೆ ಹಾಕಿ, ತಿಂಗಳ ಕೊನೆಗೆ ಖಾಲಿ ಮಾಡಿ. ಮನೆಗೆ ಸೋನಾಮಸೂರಿ, ಡಬ್ಬಿಗೆ ಯಾರೂ ತಿನ್ನದ ಅಕ್ಕಿ ಅಂತ ಬೇರೆ ಮಾಡೋರೂ ಇದ್ದಾರೆ. ಅದಕ್ಕೆ ಗೀತೆ 17.22ರಲ್ಲೇ ಹೆಸರಿದೆ. ‘ಅಸತ್ಕೃತಮವಜ್ಞಾತಂ’, ಅಂದರೆ ಆದರವಿಲ್ಲದೆ ಕೀಳಾಗಿ ಕಂಡು ಕೊಟ್ಟದ್ದು ತಾಮಸ ದಾನ.

ಮುಳಬಾಗಿಲು ದನದಾಸ್ಪತ್ರೆ:

ಹಸುವಿನ ವಿಷಯಕ್ಕೆ ಬರ್ತೀನಿ, ಭಕ್ತಿಯಿಂದ ದನ ಸಾಯೋದು ಇಲ್ಲೇ.

‘ಗೋಗ್ರಾಸ’ದಲ್ಲಿ ಗ್ರಾಸ ಅಂದರೆ ಒಂದು ತುತ್ತು. ಅಳತೆ ಹೆಸರಿನಲ್ಲೇ ಇದೆ. ಈಗ ಆಗ್ತಿರೋದು ಬೇರೆ. ಅಮಾವಾಸ್ಯೆ, ಶ್ರಾವಣ ಸೋಮವಾರ, ಗೃಹಪ್ರವೇಶದ ಮಾರನೇ ದಿನ ಬಕೆಟ್‌ಗಟ್ಟಲೆ ಅನ್ನ, ಪಾಯಸ, ಬಾಳೆಹಣ್ಣು, ಬೆಲ್ಲ. ಒಂದೇ ಹಸುವಿಗೆ ಹತ್ತು ಮನೆಯವರು. ಹಸುವಿನ ದೊಡ್ಡಹೊಟ್ಟೆ ಇರೋದು ನಾರು ಕರಗಿಸೋಕೆ. ಅಲ್ಲಿಗೆ ಬೆಂದ ಅನ್ನ, ಹಿಟ್ಟು, ಸಿಹಿ ಒಮ್ಮೆಗೇ ಬಿದ್ದರೆ ಬೇಗ ಹುಳಿತು ಆಮ್ಲ ಏರುತ್ತೆ, ನಾರು ಕರಗಿಸೋ ಸೂಕ್ಷ್ಮಜೀವಿಗಳು ಸಾಯ್ತವೆ. ಮೊದಲು ಮೆಲುಕು ನಿಲ್ಲುತ್ತೆ, ಮೇವು ಬಿಡುತ್ತೆ, ಹೊಟ್ಟೆ ಉಬ್ಬರಿಸುತ್ತೆ, ಹುಳಿ ವಾಸನೆಯ ನೀರು ಸಗಣಿ ಹಾಕುತ್ತೆ, ಆಮೇಲೆ ಮಲಗಿಬಿಡುತ್ತೆ. ತಡವಾದರೆ ಉಳಿಯಲ್ಲ. ಈ ಲಕ್ಷಣ ಕಂಡರೆ ಅಡುಗೆಸೋಡಾ ಕುಡಿಸಿ ನೋಡೋಣ ಅಂತ ಕಾಯಬೇಡಿ, ಅದೇ ಗಂಟೆಯಲ್ಲಿ ಪಶುವೈದ್ಯರನ್ನು ಕರೆಸಿ.

ಕೊಡೋದಾದರೆ ಹಸಿ ಹುಲ್ಲು, ಮುಸುಕಿನ ಜೋಳದ ಸೊಪ್ಪು ಒಂದು ಕಟ್ಟು. ಸಾಕಿದವರನ್ನು ಕೇಳಿ ಕೊಡಿ. ಹಾಲು ಕರೆಯೋ ಹಸುವಿಗೆ ಅವರು ಈಗಾಗಲೇ ಹಿಂಡಿ, ಬೂಸಾ ಅಳೆದು ಹಾಕಿರ್ತಾರೆ. ಅನ್ನವೇ ಕೊಡಬೇಕು ಅನ್ನೋ ಮನೆಯವರಿಗೆ ಒಂದು ಹಿಡಿ, ಅಷ್ಟೇ. ಬಾಳೆಹಣ್ಣು ಒಂದು. ಕವರ್ ಗಂಟು ಹಾಕಿ ರಸ್ತೆ ಬದಿಗೆ ಇಡೋದು ಮಹಾಪರಾಧ. ಹಸು ಗಂಟು ಬಿಚ್ಚಲ್ಲ, ಕವರ್ ಸಮೇತ ನುಂಗುತ್ತೆ. ಪ್ಲಾಸ್ಟಿಕ್ ದೊಡ್ಡಹೊಟ್ಟೆಯಲ್ಲಿ ಗಂಟಾಗಿ ಕೂತರೆ ತಾನಾಗಿ ಆಚೆ ಬರಲ್ಲ, ಹೊಟ್ಟೆ ಕುಯ್ದು ತೆಗೀಬೇಕು.

ಬೀದಿ ನಾಯಿಗೆ ಉಳಿದ ಸಾರನ್ನ ಹಾಕೋರು ಈರುಳ್ಳಿ ಇದ್ದರೆ ಬಿಡಿ, ನಾಯಿಯ ರಕ್ತಕ್ಕೆ ಅದು ಕೆಟ್ಟದ್ದು. ದೇವರಾಯನದುರ್ಗ, ನಂದಿಬೆಟ್ಟದ ದಾರಿಯಲ್ಲಿ ಕಾರು ನಿಲ್ಲಿಸಿ ಕೋತಿಗೆ ಬಿಸ್ಕತ್ತು ಕೊಡೋದನ್ನಂತೂ ಭೂತಯಜ್ಞ ಅಂತ ಕರೆಯಲೇಬೇಡಿ. ಕೈ ರುಚಿ ಕಂಡ ಕೋತಿ ರಸ್ತೆ ಬಿಟ್ಟು ಹೋಗಲ್ಲ, ಗಾಡಿಗೆ ಸಿಗುತ್ತೆ, ಇಲ್ಲವೇ ಮಕ್ಕಳ ಕೈಗೆ ಬಾಯಿ ಹಾಕುತ್ತೆ.

ಶಿರಾಗೇಟ್ ಬಾಡಿಗೆಮನೆ:

ಹಾಗಾದರೆ ಹಸು ಸಿಗದ ಮನೆಗೆ ಭೂತಯಜ್ಞ ಏನು ಸಾರ್?

ಮುಳಬಾಗಿಲು ದನದಾಸ್ಪತ್ರೆ:

ನೀರು. ಬಯಲುಸೀಮೆಯಲ್ಲಿ ಫೆಬ್ರವರಿಯಿಂದ ಮೇವರೆಗೆ ಅನ್ನಕ್ಕಿಂತ ನೀರು ದೊಡ್ಡದು. ಅಗಲ ಬಾಯಿಯ ಮಣ್ಣಿನ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ಮಧ್ಯೆ ಒಂದು ಒರಟು ಕಲ್ಲು. ಕಲ್ಲಿಲ್ಲದಿದ್ದರೆ ಜೇನ್ನೊಣ ಮುಳುಗಿ ಸಾಯುತ್ತೆ, ಪಂಚಸೂನಾ ಆರಾಗುತ್ತೆ. ನೆರಳಲ್ಲಿಡಿ, ಬೆಕ್ಕು ಹೊಂಚು ಹಾಕದಷ್ಟು ಎತ್ತರದಲ್ಲಿ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ತಟ್ಟೆಯ ಒಳಬದಿ ಉಜ್ಜಿ ತೊಳೀಬೇಕು. ಡೆಂಗಿ ಸೊಳ್ಳೆ ಮೊಟ್ಟೆ ನೀರಿನಲ್ಲಿ ತೇಲಲ್ಲ, ಅಂಚಿಗೆ ಅಂಟಿರುತ್ತೆ, ಬರೀ ನೀರು ಬದಲಿಸಿದರೆ ಹೋಗಲ್ಲ. ಮೊಟ್ಟೆ ಸೊಳ್ಳೆಯಾಗೋಕೆ ವಾರ ಹತ್ತು ದಿನ ಸಾಕು.

ಪಾವಗಡ ನೀರು:

ನೀರಿನ ಮಾತು ಬಂತಲ್ಲ, ಒಂದು ಸೇರಿಸ್ತೀನಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಯಲ್ಲೂ ಫ್ಲೋರೈಡ್ ಇರೋ ಬೋರ್‌ವೆಲ್‌ಗಳಿವೆ. ಕುಡಿಯೋ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ದಾರಿ ಇಲ್ಲದಿದ್ದರೆ 1.5. ಆರ್‌ಓ ಹಾಕಿದ ಮನೆಯಲ್ಲಿ ಪೈಪಿಂದ ಆಚೆ ಬರೋ ನೀರು ಇದೆಯಲ್ಲ, ಅದರಲ್ಲಿ ಉಪ್ಪು ಫ್ಲೋರೈಡ್ ಎರಡೂ ಮೂಲ ನೀರಿಗಿಂತ ಗಟ್ಟಿ. ‘ಹಾಳಾಗೋದು ಬೇಡ’ ಅಂತ ಅದನ್ನೇ ಹಕ್ಕಿ ತಟ್ಟೆಗೆ, ದನದ ತೊಟ್ಟಿಗೆ, ತುಳಸಿಗೆ ಹಾಕ್ತಾರೆ. ನೆಲ ಒರೆಸಿ, ಬಚ್ಚಲು ತೊಳೆಯಿರಿ, ಅದು ಉಳಿತಾಯ. ಬೇರೆ ಜೀವಕ್ಕೆ ಕೊಟ್ಟರೆ ನಮ್ಮ ಬಾಯಿಗೆ ಬೇಡವಾದದ್ದನ್ನು ಅವುಗಳ ಬಾಯಿಗೆ ಹಾಕಿದ ಹಾಗೆ. ಕುದಿಸಿದರೆ ಫ್ಲೋರೈಡ್ ಹೋಗುತ್ತೆ ಅನ್ನೋದೂ ತಪ್ಪು. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ.

ಬಂಗಾರಪೇಟೆ ಪಾಸ್:

ಬ್ರಹ್ಮಯಜ್ಞದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ರೈಲಿನಲ್ಲಿ ಕಂಬಿ ಹಿಡಿದು ನಿಂತು ಮಾಡಿದರೆ ನಡೆಯುತ್ತಾ? ಒದ್ದೆ ಪಂಚೆ, ದರ್ಭೆ, ಪೂರ್ವಾಭಿಮುಖ ಎಲ್ಲ ಬೇಡವಾ? ವೇದಾಧಿಕಾರ ಇಲ್ಲದವರು ಏನು ಓದಬೇಕು?

ಚಿಂತಾಮಣಿ ಮೇಷ್ಟ್ರು:

ವಿಧಿವತ್ತಾಗಿ ಮಾಡೋರಿಗೆ ದರ್ಭೆ, ದಿಕ್ಕು ಎಲ್ಲ ಇದೆ. ಅದಾಗದವನಿಗೆ ಅದೇ ಪ್ರಪಾಠಕದ ಹನ್ನೆರಡನೇ ಅನುವಾಕ ಬಾಗಿಲು ತೆಗೆದಿದೆ. ‘ಗ್ರಾಮೇ ಮನಸಾ ಸ್ವಾಧ್ಯಾಯಮಧೀಯೀತ’, ಊರೊಳಗೆ ಇರುವಾಗ ಮನಸ್ಸಿನಲ್ಲೇ ಓದಿಕೊ. ಮುಂದೆ ‘ಉತ ತಿಷ್ಠನ್ನುತ ವ್ರಜನ್ನುತಾಸೀನ ಉತ ಶಯಾನಃ’. ನಿಂತು, ನಡೆಯುತ್ತ, ಕೂತು, ಮಲಗಿಯಾದರೂ ಸ್ವಾಧ್ಯಾಯ ಮಾಡು. ಪಾಸ್ ಇಟ್ಟುಕೊಂಡು ಓಡಾಡೋರಿಗೆ ಅಂತಲೇ ಬರೆದ ಹಾಗಿದೆ. ಅಷ್ಟಮಿ ಅಮಾವಾಸ್ಯೆ ಅಂತ ರಜೆಯೂ ಇಲ್ಲ. ಈ ಯಜ್ಞಕ್ಕೆ ಅನಧ್ಯಾಯ ಎರಡೇ, ತಾನು ಅಶುಚಿಯಾಗಿದ್ದಾಗ, ಜಾಗ ಅಶುಚಿಯಾಗಿದ್ದಾಗ.

ವೇದ ಇಲ್ಲದವರಿಗೆ ಗೀತೆ. 700 ಶ್ಲೋಕ, ದಿನಕ್ಕೊಂದು ಅಂದರೆ ಎರಡು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಆದರೆ ಮೊದಲನೇ ಅಧ್ಯಾಯದಿಂದ ಶುರು ಮಾಡಿದವರು ಬಹಳ ಜನ ಎರಡನೆಯದರ ಮಧ್ಯೆ ನಿಲ್ಲಿಸ್ತಾರೆ. ಅಲ್ಲಿವರೆಗೆ ಶಂಖ, ಸೇನಾಪತಿಗಳ ಹೆಸರು, ಆಮೇಲೆ ಒಮ್ಮೆಗೇ ಗಟ್ಟಿ ವೇದಾಂತ. ಹನ್ನೆರಡು ಅಥವಾ ಹದಿನೈದನೇ ಅಧ್ಯಾಯದಿಂದ ಶುರು ಮಾಡಿ, ಎರಡರಲ್ಲೂ 20 ಶ್ಲೋಕ. ಎರಡು ದಿನಕ್ಕೊಂದರಂತೆ 40 ದಿನ.

ಮೊದಲ ದಿನ ಪದ ಬಿಡಿಸಿ, ಕ್ರಿಯಾಪದ ಹುಡುಕಿ, ಯಾರು ಏನನ್ನು ಅಂತ ಜೋಡಿಸಿ ಅರ್ಥ ಮಾಡಿಕೊಳ್ಳೋದು. ಎರಡನೇ ದಿನ ಪುಸ್ತಕ ಮುಚ್ಚಿ ಹೇಳೋದು. ತಪ್ಪು ಹಿಡಿಯೋಕೆ ಬೆರಳು ಸಾಕು. ಗೀತೆಯ ಹೆಚ್ಚಿನ ಶ್ಲೋಕಗಳ ಛಂದಸ್ಸು ಅನುಷ್ಟುಪ್, ಅದರ ಪಾದಕ್ಕೆ (ಕಾಲು ಶ್ಲೋಕಕ್ಕೆ) ಎಂಟು ಅಕ್ಷರ, ಸಾಲಿಗೆ ಹದಿನಾರು. ಹದಿನೈದೇ ಬಂತು ಅಂದರೆ ಏನೋ ನುಂಗಿದ್ದೀರಿ. ಸಾಮಾನ್ಯವಾಗಿ ಪ್ರತಿ ಪಾದದಲ್ಲಿ ಐದನೆಯದು ಲಘು, ಆರನೆಯದು ಗುರು. ಹದಿನೈದನೇ ಅಧ್ಯಾಯದ ‘ಸರ್ವಸ್ಯ ಚಾಹಂ’ ಥರದ್ದರಲ್ಲಿ ಪಾದಕ್ಕೆ ಹನ್ನೊಂದು, ಅಲ್ಲಿ ಗಾಬರಿ ಬೇಡ.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾರಾಯಣ ಕೇಳೋದು ಶ್ರವಣ, ಅದಕ್ಕೆ ಅದರದೇ ಬೆಲೆ ಇದೆ. ಆದರೆ ಇಲ್ಲಿ ಹೇಳಿದ ಕ್ರಿಯೆ ‘ಅಧೀಯೀತ’, ಓದು. ನಿಮ್ಮ ಬಾಯಿಯೋ ಮನಸ್ಸೋ ಕೆಲಸ ಮಾಡಿರಬೇಕು.

ಇನ್ನೊಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ, ಹೋಟೆಲ್ ಗೋಡೆಯ ಮೇಲೆ ‘ಗೀತಾಸಾರ’ ಅಂತ ಬರುತ್ತಲ್ಲ, ಆಗಿದ್ದೆಲ್ಲ ಒಳ್ಳೇದಕ್ಕೇ ಅನ್ನೋದು, ಅದು ಗೀತೆಯ ಯಾವ ಶ್ಲೋಕದ ಅನುವಾದವೂ ಅಲ್ಲ. ‘ಅಹಿಂಸಾ ಪರಮೋ ಧರ್ಮಃ’ ಮಹಾಭಾರತದಲ್ಲಿದೆ, ಅದಕ್ಕೆ ಅಂಟಿಸಿರುವ ‘ಧರ್ಮಹಿಂಸಾ ತಥೈವ ಚ’ ಅಲ್ಲಿಲ್ಲ. ಗೀತೆ 2.47ನ್ನು ಅರ್ಧಕ್ಕೇ ನಿಲ್ಲಿಸೋದೂ ಅದೇ ಜಾತಿಯ ತಪ್ಪು. ಫಲದ ಮೇಲೆ ಅಧಿಕಾರ ಇಲ್ಲ ಅನ್ನೋವರೆಗೆ ಹೇಳಿ ಸುಮ್ಮನಾಗ್ತಾರೆ. ಕೊನೆಯ ಪಾದ ‘ಮಾ ತೇ ಸಂಗೋಽಸ್ತ್ವಕರ್ಮಣಿ’, ಕೆಲಸ ಬಿಟ್ಟು ಕೂರೋದಕ್ಕೂ ಅಂಟಿಕೊಳ್ಳಬೇಡ. ಆಫೀಸಿನಲ್ಲಿ ಫೈಲು ತಳ್ಳಿ ‘ಎಲ್ಲ ಭಗವಂತನ ಇಚ್ಛೆ’ ಅನ್ನೋರಿಗೆ ಆ ಪಾದ ಬೇಕಾಗಿರೋದು.

ಬಂಗಾರಪೇಟೆ ಪಾಸ್:

ಶೌಚಾಲಯದ ಬಾಗಿಲ ಹತ್ತಿರವೇ ನಿಲ್ಲೋಕೆ ಜಾಗ ಸಿಕ್ಕರೆ ‘ಜಾಗ ಅಶುಚಿ’ ಲೆಕ್ಕಕ್ಕೆ ಬರುತ್ತೆ ಅಲ್ವಾ ಮೇಷ್ಟ್ರೇ?

ಚಿಂತಾಮಣಿ ಮೇಷ್ಟ್ರು:

ಬರುತ್ತೆ. ಮುಂದಿನ ಸ್ಟೇಷನ್‌ನಲ್ಲಿ ಒಳಗೆ ಸರಿಯಿರಿ.

ಗೌರಿಬಿದನೂರು ಅಡುಗೆಮನೆ:

ಪಿತೃಯಜ್ಞಕ್ಕೆ ಬರೋಣ. ‘ಬದುಕಿರೋ ಅಪ್ಪ ಅಮ್ಮನ್ನ ನೋಡಿಕೊಂಡರೆ ಅದೇ ಪಿತೃಯಜ್ಞ’ ಅನ್ನೋ ಮಾತು ಕೇಳೋಕೆ ಚೆನ್ನಾಗಿದೆ, ಆದರೆ ಶ್ರುತಿ ಎರಡನ್ನೂ ಬೇರೆ ಬೇರೆ ಹೇಳುತ್ತೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ, ಹನ್ನೊಂದನೇ ಅನುವಾಕ: ದೇವಕಾರ್ಯ ಪಿತೃಕಾರ್ಯ ತಪ್ಪಬೇಡ, ಅದರ ಬೆನ್ನಿಗೇ ಮಾತೃದೇವೋ ಭವ. ಒಂದು ಇನ್ನೊಂದರ ಬದಲಿಯಲ್ಲ. ಹೋದವರಿಗೆ ನೀರು ಬಿಟ್ಟು, ಇರೋರ ಬಿಪಿ ಮಾತ್ರೆ ಮುಗಿದಿದ್ದು ಗೊತ್ತಿಲ್ಲದ ಮನೆಯಲ್ಲಿ ಎರಡನೆಯದು ಬಾಕಿ ಅಂತಲೇ ಲೆಕ್ಕ.

ನೀರು ಬಿಡೋ ಕ್ರಮ ಚಿಕ್ಕದು. ದಕ್ಷಿಣಕ್ಕೆ ಮುಖ, ಬಲಗೈ ಹೆಬ್ಬೆರಳು ತೋರುಬೆರಳ ನಡುವಿನಿಂದ ನೀರು. ಅದು ಪಿತೃತೀರ್ಥ. ಬೆರಳ ತುದಿಯಿಂದ ಬಿಟ್ಟರೆ ಅದು ದೇವತೀರ್ಥ, ಗೊತ್ತಿಲ್ಲದೆ ಎಲ್ಲರೂ ಮಾಡೋ ತಪ್ಪು ಅದೇ. ತಂದೆ ಬದುಕಿರೋರು ಎಳ್ಳು ತರ್ಪಣ ಮಾಡೋ ರೂಢಿ ಇಲ್ಲ. ಜನಿವಾರ, ಹೆಣ್ಣುಮಕ್ಕಳ ವಿಷಯದಲ್ಲಿ ಒಂದೊಂದು ಮನೆಗೆ ಒಂದೊಂದು ಸಂಪ್ರದಾಯ, ಮನೆಯ ಹಿರಿಯರನ್ನು ಕೇಳಿ.

ನಿಜವಾದ ತೊಡಕು ಹೆಸರು. ಮೂರು ತಲೆ ಬೇಕು, ತಂದೆ ಕಡೆ ಮೂರು, ತಾಯಿ ಕಡೆ ಮೂರು. ಮುತ್ತಾತನ ಹೆಸರಿಗೆ ಎಲ್ಲರೂ ತಡವರಿಸ್ತಾರೆ, ಮುತ್ತಜ್ಜಿಯ ಹೆಸರಂತೂ ಯಾರಿಗೂ ಗೊತ್ತಿರಲ್ಲ. ಹಳೇ ಪಹಣಿ, ಕ್ರಯಪತ್ರ, ವಿಭಾಗಪತ್ರದಲ್ಲಿ ‘ಇಂಥವರ ಮಗ ಇಂಥವರು’ ಅಂತ ಒಂದು ತಲೆ ಹಿಂದಕ್ಕೆ ಸಿಗುತ್ತೆ. ಹೆಣ್ಣುಮಕ್ಕಳ ಹೆಸರಿಗೆ ಕಾಗದ ಸಾಲದು, ಊರಲ್ಲಿರೋ ಎಂಬತ್ತು ದಾಟಿದ ಸೋದರತ್ತೆಯನ್ನೇ ಕೇಳಬೇಕು. ಮಹಾಲಯ ಅಮಾವಾಸ್ಯೆವರೆಗೆ ಕಾಯಬೇಡಿ, ಈ ವಾರವೇ ಬರೆದಿಟ್ಟುಕೊಳ್ಳಿ.

ಮಾಲೂರು ತಕರಾರು:

ಮನುಷ್ಯಯಜ್ಞ ಹಿಡಿ ಅಕ್ಕಿಗೇ ನಿಂತುಬಿಡ್ತು. ಅತಿಥಿ ಅಂದರೆ ಹೇಳದೆ ಬರೋನು. ಈಗ ಹೇಳದೆ ಯಾರು ಬರ್ತಾರೆ? ಫೋನ್ ಮಾಡದೆ ನೆಂಟರೂ ಬರಲ್ಲ. ಇನ್ನು ದುಡ್ಡಿನ ದಾನಕ್ಕೆ ಸಂಬಳದಲ್ಲಿ ಎಷ್ಟು ಪಾಲು ಅಂತಲೂ ಯಾರಾದರೂ ಹೇಳಿ.

ತಿಪಟೂರು ಒಕ್ಕಲು:

ಹೇಳದೆ ಬರೋರು ದಿನಾ ಬರ್ತಾರೆ, ನಾವು ಅತಿಥಿ ಅನ್ನಲ್ಲ ಅಷ್ಟೇ. ಪಾರ್ಸಲ್ ಹುಡುಗ, ಗ್ಯಾಸ್ ಸಿಲಿಂಡರ್ ಹೊತ್ತು ಮಹಡಿ ಹತ್ತಿದವನು, ಕರೆಂಟ್ ಮೀಟರ್ ನೋಡೋನು, ಕಸದ ಗಾಡಿಯವರು. ಉದ್ಯೋಗಪರ್ವದ ವಿದುರನೀತಿಯಲ್ಲಿ ಬಡವನೂ ಕೊಡಬಹುದಾದ ನಾಲ್ಕು ಹೇಳಿದೆ: ‘ತೃಣಾನಿ ಭೂಮಿರುದಕಂ ವಾಕ್ಚತುರ್ಥೀ ಚ ಸೂನೃತಾ’. ಕೂರೋಕೆ ಚಾಪೆ, ಜಾಗ, ನೀರು, ನಾಲ್ಕನೆಯದು ಒಳ್ಳೆ ಮಾತು. ಸಜ್ಜನರ ಮನೆಯಲ್ಲಿ ಇವು ನಾಲ್ಕು ಯಾವತ್ತೂ ಖಾಲಿಯಾಗಲ್ಲವಂತೆ. ಗೌರಿಬಿದನೂರಿನ ಪಕ್ಕ ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬರೋರು ವಿದುರ ಹೇಳಿದ್ದನ್ನೂ ಒಂದು ಸಲ ಓದಬೇಕು.

ಮಾಡೋದಿಷ್ಟು. ಬಾಗಿಲ ಹತ್ತಿರ ಒಂದು ಸ್ಟೂಲು, ಒಂದು ತಂಬಿಗೆ ನೀರು, ಮನೆಯವರು ಕುಡಿಯೋ ಥರದ್ದೇ ಲೋಟ. ‘ಅವರಿಗೆ’ ಅಂತ ಬೇರೆ ಪ್ಲಾಸ್ಟಿಕ್ ಲೋಟ ಇಟ್ಟರೆ ಅಲ್ಲಿಗೆ ಯಜ್ಞ ಕೆಟ್ಟಿತು. ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯ ಅಂತ ತ್ರಿವಿಧ ದಾಸೋಹ ನಡೆಯೋದು ಎಲ್ಲರಿಗೂ ಗೊತ್ತು. ಅಲ್ಲಿ ಪದ ‘ದಾನ’ ಅಲ್ಲ, ‘ದಾಸೋಹ’. ಕೊಡೋನು ದಾಸ, ಮೇಲೆ ನಿಂತು ಕೊಡೋ ಹಾಗಿಲ್ಲ. ಶಿಕ್ಷಾವಲ್ಲಿಯ ‘ಹ್ರಿಯಾ ದೇಯಂ’ ಕೂಡ ಅದನ್ನೇ ಹೇಳುತ್ತೆ, ಸಂಕೋಚದಿಂದ ಕೊಡು. ಕೊಡೋ ಕೈಯನ್ನು ಫೋಟೋ ತೆಗೆದು ಸ್ಟೇಟಸ್ ಹಾಕೋದು ಇದಕ್ಕೆ ಹೊಂದಲ್ಲ.

ಬಂಗಾರಪೇಟೆ ಪಾಸ್:

ದುಡ್ಡಿನ ಪಾಲಿಗೆ ಭಾಗವತದಲ್ಲಿ ಒಂದು ಸೂತ್ರ ಇದೆ, ಎಂಟನೇ ಸ್ಕಂಧ, ಹತ್ತೊಂಬತ್ತನೇ ಅಧ್ಯಾಯ. ಧರ್ಮ, ಕೀರ್ತಿ, ಮರುಬಂಡವಾಳ, ಸ್ವಂತ ಸುಖ, ತನ್ನ ಜನ ಅಂತ ಐದು ಭಾಗ ಮಾಡು ಅಂತ. ಆದರೆ ಐದೂ ಸಮ ಅಂತ ಅಲ್ಲಿಲ್ಲ. 25,000 ಸಂಬಳದಲ್ಲಿ 8,000 ಬಾಡಿಗೆ ಕೊಡೋನು ಧರ್ಮಕ್ಕೆ 5,000 ತೆಗೆದಿಟ್ಟರೆ ಮಗಳ ಫೀಸಿಗೆ ಕೈಸಾಲ ಮಾಡ್ತಾನೆ. 250 ರೂಪಾಯಿಯೇ ಇರಲಿ, ಸಂಬಳ ಬಂದ ದಿನವೇ ಬೇರೆ ಮಾಡಿದರೆ ನಿಲ್ಲುತ್ತೆ. ತಿಂಗಳ ಕೊನೆಗೆ ಉಳಿದರೆ ಅಂದರೆ ಉಳಿಯಲ್ಲ. ಅಕ್ಕ ಹೇಳಿದ ನೆಲ್ಲಿಕಾಯಿ ಗಾತ್ರದ ಅನ್ನದ ಹಾಗೇ, ಬಡಿಸೋ ಮೊದಲೇ ಎತ್ತಿಡಬೇಕು.

ಆ ಶ್ಲೋಕ ಹೇಳಿದ್ದು ಯಾರು ಅನ್ನೋದೂ ನೆನಪಿರಲಿ. ಶುಕ್ರಾಚಾರ್ಯರು, ಬಲಿಗೆ, ವಾಮನನಿಗೆ ಎಲ್ಲ ಕೊಟ್ಟುಬಿಡಬೇಡ ಅಂತ ತಡೆಯೋಕೆ. ಬಲಿ ಕೇಳಲಿಲ್ಲ. ಎರಡೂ ಕಡೆ ಭಾಗವತವೇ ಇದೆ, ನಿಮಗೆ ಯಾವುದು ಬೇಕೋ ನೋಡಿ.

ಶಿರಾಗೇಟ್ ಬಾಡಿಗೆಮನೆ:

ಎಲ್ಲ ಬರೆದುಕೊಂಡೆ. ದೀಪ, ಉಪ್ಪು ಹಾಕೋ ಮುಂಚೆ ತಟ್ಟೆ, ಒಂದು ಬೊಗಸೆ ನೀರು, ಹಿಡಿ ಅಕ್ಕಿ, ರೈಲಿನಲ್ಲಿ ಅರ್ಧ ಶ್ಲೋಕ. ಒಂದು ಉಳಿದಿದೆ. ಮಹಡಿ ಮನೆಯಲ್ಲಿ ಹೊಸ್ತಿಲ ಮುಂದೆ ಒಂದಡಿ ಜಾಗದಲ್ಲಿ ರಂಗೋಲಿ ಹಾಕ್ತಾರೆ. ಇರುವೆಗೆ ಆಹಾರ ಅಂತ ಅದನ್ನೂ ಭೂತಯಜ್ಞಕ್ಕೆ ಸೇರಿಸಬಹುದಾ?

ಗೌರಿಬಿದನೂರು ಅಡುಗೆಮನೆ:

ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ, ಇರುವೆ ಮೂಸಿಯೂ ನೋಡಲ್ಲ. ಅಕ್ಕಿ ಹಿಟ್ಟು ಒಂದು ಚಮಚ ಸಾಕು. ಹಿಟ್ಟಿನ ಗೆರೆ ಹೊಸ್ತಿಲಿಂದ ಒಂದು ಗೇಣು ಆಚೆಗಿರಲಿ, ಇಲ್ಲದಿದ್ದರೆ ಸಂಜೆಗೆ ಇರುವೆ ಸಾಲು ಸಕ್ಕರೆ ಡಬ್ಬಿ ಹತ್ತಿರ ಇರುತ್ತೆ, ಪೊರಕೆ ತಗೊಂಡು ನೀವು ಪಂಚಸೂನಾಕ್ಕೆ ವಾಪಸ್.